ಮಾಲ್ಗುಡಿಗೆ ಹೋಗುವವರು ಲೋಂಡಾದಲ್ಲಿ ಗಾಡಿ ಬದಲಿಸಿ

‘ಮಾಲ್ಗುಡಿ ಡೇಸ್’ 1986ರಲ್ಲಿ ದೂರದರ್ಶನದಲ್ಲಿ ಶುರುವಾದ ಧಾರಾವಾಹಿ. ಮಾಲ್ಗುಡಿ ಎಂಬ ಕಲ್ಪನೆಯ ಊರಿನ ಕತೆ ಆರ್.ಕೆ. ನಾರಾಯಣರದು, ನಿರ್ದೇಶನ ಶಂಕರ್‌ನಾಗ್ ಅವರದು, ನಿರ್ಮಾಣ ಟಿ.ಎಸ್. ನರಸಿಂಹನ್ ಅವರದು, ಸಂಗೀತ ಎಲ್. ವೈದ್ಯನಾಥನ್ ಅವರದು. ಶೀರ್ಷಿಕೆಯ ಗೆರೆಚಿತ್ರಗಳು ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣರವು. ಶಂಕರ್‌ನಾಗ್ ನಿರ್ದೇಶಿಸಿದ ಕಂತುಗಳು 39. ಎರಡು ದಶಕ ಕಳೆದು, 2006ರಲ್ಲಿ, ಕವಿತಾ ಲಂಕೇಶ್ ಇನ್ನೂ 15 ಸೇರಿಸಿದರು. ಒಟ್ಟು 54. ಇಷ್ಟು ತಿಳಿದವರನ್ನು ವೀಕ್ಷಕರು ಎನ್ನುತ್ತಾರೆ. ಇದರ ಮೇಲೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಒಂದೇ ದನಿಯಲ್ಲಿ ಹೇಳಬಲ್ಲವರನ್ನು ಅಭಿಮಾನಿಗಳು ಎನ್ನುತ್ತಾರೆ. ಇಲ್ಲಿಯ ವಿಷಯ ಈ ಎರಡನೆಯ ವರ್ಗ.

ಅಭಿಮಾನಿಗಳು ಕರ್ನಾಟಕದ ಎಲ್ಲ ಕಡೆ ಸಿಗುತ್ತಾರೆ. ಆದರೆ ಅವರು ಮನಸ್ಸು ಬಿಚ್ಚಿ ಮಾತಾಡಬೇಕಾದರೆ ಮೂರು ಅನುಕೂಲ ಬೇಕು: ಕೂರಲು ಬೆಂಚು, ಕುಡಿಯಲು ಚಹಾ, ಬಾರದಿರುವ ಗಾಡಿ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಲೋಂಡಾದಲ್ಲಿ ಮೂರೂ ಒಟ್ಟಿಗೆ ದೊರೆಯುತ್ತವೆ. ಹುಬ್ಬಳ್ಳಿಯ ಹಳಿ, ಬೆಳಗಾವಿ–ಮೀರಜ್ ಹಳಿ, ಕ್ಯಾಸಲ್‌ರಾಕ್ ದಾಟಿ ಗೋವೆಗೆ ಇಳಿಯುವ ಹಳಿ ಕೂಡುವ ಜಂಕ್ಷನ್ ಇದು. ಸುತ್ತ ಕಾಡು, ಮೇಲೆ ಘಟ್ಟದ ಮಳೆ. ಮಾತು ಕನ್ನಡ, ಮರಾಠಿ, ಕೊಂಕಣಿ, ಹಿಂದಿ. ತುರ್ತು ಬಿದ್ದರೆ ನಾಲ್ಕೂ ಒಂದೇ ವಾಕ್ಯದಲ್ಲಿ. ಇಂಥ ಕಡೆ ‘ಮಾಲ್ಗುಡಿ’ ಎಂಬ ಹೆಸರು ಯಾರ ಬಾಯಿಂದ ಬಿದ್ದರೂ ಸಾಕು, ಪಕ್ಕದ ಬೆಂಚಿನಿಂದ “ಅದು ಹಂಗಲ್ರಿ” ಎಂಬ ಉತ್ತರ ಬರುತ್ತದೆ. ಚರ್ಚೆ ವಿಧಿವತ್ತಾಗಿ ಆರಂಭವಾಗುವುದು ಈ ಎರಡು ಪದಗಳಿಂದ.

ಅಭಿಮಾನಿಗಳಲ್ಲೂ ವರ್ಗಗಳುಂಟು. ಮೊದಲನೆಯದು ಸ್ಥಳದ ಪ್ರಶ್ನೆ ಎತ್ತುವವರದು. ಧಾರಾವಾಹಿಯ ಬಹುಭಾಗ ಚಿತ್ರೀಕರಣವಾದದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಅಲ್ಲಿನ ದೊಡ್ಡಮನೆಯೇ ಕತೆಯ ಹುಡುಗ ಸ್ವಾಮಿಯ ಮನೆ. ಮಾಲ್ಗುಡಿಯ ರೈಲು ನಿಲ್ದಾಣವಾದದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಅದಿರುವುದು ಹೊಸನಗರ ತಾಲ್ಲೂಕಿನಲ್ಲಿ. ಆಗುಂಬೆಗೆ ರೈಲೇ ಇಲ್ಲ. ಎಂದರೆ ಮಾಲ್ಗುಡಿ ಸ್ಟೇಷನ್ನಿನಲ್ಲಿ ಇಳಿದವನು ಊರು ಸೇರಲು ತಾಲ್ಲೂಕು ದಾಟಬೇಕು. ಧಾರಾವಾಹಿಯಲ್ಲಿ ಇದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಈ ಸಂಗತಿ ಗೊತ್ತಿರುವವನು ಅದನ್ನು ಮೊದಲ ಗುಟುಕಿಗೇ ಹೇಳಿಬಿಡುವುದಿಲ್ಲ. ಎದುರಿನವನು ಆಗುಂಬೆಯ ಮಳೆ, ಸೂರ್ಯಾಸ್ತ, ದೊಡ್ಡಮನೆಯ ಜಗಲಿ ಎಲ್ಲವನ್ನೂ ವರ್ಣಿಸಿ ಮುಗಿಸುವವರೆಗೆ ಕಾದು, “ಮತ್ತ ಸ್ಟೇಷನ್?” ಎಂದು ಕೇಳುತ್ತಾನೆ.

ಸ್ಥಳದ ಚರ್ಚೆಯ ಉಪಶಾಖೆ ಎಕ್ಸ್‌ಪ್ರೆಸ್ ಗಾಡಿಯದು. ‘ಮಾಲ್ಗುಡಿ ಎಕ್ಸ್‌ಪ್ರೆಸ್’ ಎಂಬ ಹೆಸರಿನ ರೈಲು ನಿಜಕ್ಕೂ ಇದೆ. ಅದು ಓಡುವುದು ಮೈಸೂರು ಮತ್ತು ಯಲಹಂಕದ ನಡುವೆ. ಅರಸಾಳಿಗೆ ಅದು ಹೋಗುವುದಿಲ್ಲ, ಆಗುಂಬೆಗೆ ಹೋಗಲಾರದು. ನಾರಾಯಣರು ಬಾಳಿದ್ದು ಮೈಸೂರಿನಲ್ಲಿ, ಯಾದವಗಿರಿಯ ಅವರ ಮನೆ 2016ರಿಂದ ವಸ್ತುಸಂಗ್ರಹಾಲಯ. ಆದ್ದರಿಂದ ಹೆಸರಿಗೆ ಸಮರ್ಥನೆ ಉಂಟು. ಆದರೂ ಮಾಲ್ಗುಡಿಗೆ ಹೋಗದ ಮಾಲ್ಗುಡಿ ಎಕ್ಸ್‌ಪ್ರೆಸ್ಸು ನಾರಾಯಣರೇ ಬರೆಯಬಹುದಾಗಿದ್ದ ಸಂಗತಿ ಎಂಬುದರಲ್ಲಿ ಎಲ್ಲ ಪಕ್ಷಗಳೂ ಒಮ್ಮತಕ್ಕೆ ಬರುತ್ತವೆ. ಒಮ್ಮತ ಕಾಣುವ ವಿಷಯ ಕಡಿಮೆಯಾದ್ದರಿಂದ ಇದನ್ನು ಮತ್ತೆ ಮತ್ತೆ ಎತ್ತಲಾಗುತ್ತದೆ.

ಎರಡನೆಯ ವರ್ಗ ರೈಲ್ವೆಯವರದು. ಲೋಂಡಾದಲ್ಲಿ ಈ ವರ್ಗ ದೊಡ್ಡದು, ಅವರಲ್ಲಿ ನಿವೃತ್ತರ ಮಾತಿಗೆ ತೂಕ ಹೆಚ್ಚು. ಇವರಿಗೆ ಸ್ವಾಮಿ, ಅವನ ಗೆಳೆಯರಾದ ಮಣಿ, ರಾಜಂ ಆಮೇಲೆ. ಮೊದಲು ಸಿಗ್ನಲ್ಲು, ಹಸಿರು ಬಾವುಟ, ಸ್ಟೇಷನ್ ಗಂಟೆ. ಧಾರಾವಾಹಿ ಬಂದ ಕಾಲಕ್ಕೆ ಲೋಂಡಾದ ಹಳಿಯೂ ಅರಸಾಳಿನ ಹಳಿಯೂ ಮೀಟರ್‌ಗೇಜೇ. ಆದ್ದರಿಂದ ತೆರೆಯ ಮೇಲೆ ಕಂಡ ಡಬ್ಬಿ ‘ನಮ್ಮದೇ ಡಬ್ಬಿ’ ಎಂಬ ವಾದಕ್ಕೆ ಬಲವಿದೆ. ಆಡಳಿತದ ಲೆಕ್ಕದಲ್ಲಿ ಮಾತ್ರ ಅದು ನಿಲ್ಲದು. ಆಗ ಲೋಂಡಾ ಇದ್ದದ್ದು ದಕ್ಷಿಣ ಮಧ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದಲ್ಲಿ, ಅರಸಾಳು ದಕ್ಷಿಣ ರೈಲ್ವೆಯ ಮೈಸೂರು ವಿಭಾಗದಲ್ಲಿ. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ನೈರುತ್ಯ ರೈಲ್ವೆ ಹುಟ್ಟಿ ಎರಡೂ ಒಂದೇ ವಲಯಕ್ಕೆ ಬಂದವು. ಹೊಸ ವಲಯದಿಂದ ಆದ ಲಾಭಗಳನ್ನು ಬೇರೆಯವರು ಬೇರೆ ರೀತಿ ಪಟ್ಟಿ ಮಾಡುತ್ತಾರೆ. ಈ ವರ್ಗದ ಪಟ್ಟಿಯಲ್ಲಿ ಮೊದಲನೆಯದು ಲೋಂಡಾ ಮತ್ತು ಮಾಲ್ಗುಡಿ ಒಂದೇ ಜನರಲ್ ಮ್ಯಾನೇಜರರ ಕೈಕೆಳಗೆ ಬಂದದ್ದು.

ಅದೇ ನೈರುತ್ಯ ರೈಲ್ವೆ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿತು. ಧಾರಾವಾಹಿಗೆ ಕಲಾನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಅದನ್ನು ರೂಪಿಸಿದರು. ಹಳೆಯ ಡಬ್ಬಿಯಲ್ಲಿ ಚಹಾದ ಅಂಗಡಿಯೂ ಬಂತು. ಕಲ್ಪನೆಯ ನಿಲ್ದಾಣಕ್ಕಾಗಿ ನಿಜದ ನಿಲ್ದಾಣ ವೇಷ ಹಾಕಿತ್ತು; ಈಗ ಆ ವೇಷಕ್ಕೇ ಸ್ಮಾರಕ. ಜಂಕ್ಷನ್ ಅಲ್ಲದ ಸ್ಟೇಷನ್ನಿಗೆ ಇಷ್ಟು ಮರ್ಯಾದೆ ಸಿಕ್ಕದ್ದು ಜಂಕ್ಷನ್ನಿನವರಿಗೆ ನುಂಗಲು ಸ್ವಲ್ಪ ಕಷ್ಟ. “ಅಲ್ಲಿ ಎಷ್ಟ್ ಗಾಡಿ ನಿಲ್ತಾವ್ರಿ?” ಎಂದು ಕೇಳಿ ಅವರು ಸಮಾಧಾನ ಪಟ್ಟುಕೊಳ್ಳುತ್ತಾರೆ.

ಮೂರನೆಯ ವರ್ಗ ಶಂಕರ್‌ನಾಗ್ ಅವರ ವಾರಸುದಾರರು. ಗಡಿಭಾಗದಲ್ಲಿ ಇವರ ಸ್ಥಿತಿ ಜಟಿಲ. ಶಂಕರ್‌ನಾಗ್ ಹುಟ್ಟಿದ್ದು 1954ರಲ್ಲಿ ಉತ್ತರ ಕನ್ನಡದಲ್ಲಿ, ಮನೆಮಾತು ಕೊಂಕಣಿ. ಆದ್ದರಿಂದ ಕೊಂಕಣಿಯವರು ಅವರನ್ನು ಬಿಟ್ಟುಕೊಡುವುದಿಲ್ಲ. ಮುಂಬೈಯಲ್ಲಿ ಮರಾಠಿ ರಂಗಭೂಮಿಯಲ್ಲಿ ಪಳಗಿದವರು, ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಪಾಲುಗೊಂಡವರು. ಆದ್ದರಿಂದ ಮರಾಠಿಗರೂ ಬಿಡುವುದಿಲ್ಲ. ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಹಿಡಿದು ಮುಂದಿನ ಬಹುಪಾಲು ಕನ್ನಡದ ಖಾತೆ, ‘ಆಟೋ ರಾಜ’ ಬಂದ ಮೇಲೆ ಕರ್ನಾಟಕದ ಆಟೋಗಳ ಬೆನ್ನ ಮೇಲೆ ಅವರ ಚಿತ್ರ ಕೂತಿದೆ, ಇಂದಿಗೂ ಇಳಿದಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಆನಗೋಡಿನಲ್ಲಿ ಅಪಘಾತವಾಗಿ ಅವರು ಹೋದಾಗ ವಯಸ್ಸು 36 ತುಂಬಿರಲಿಲ್ಲ. ಬೇರೆ ವಿಷಯಕ್ಕೆ ಕಚ್ಚಾಡುವ ಮೂರು ಭಾಷೆಗಳು ಒಬ್ಬನನ್ನು ‘ನಮ್ಮವ’ ಎನ್ನಲು ಕಚ್ಚಾಡುವುದು ಬೆಳಗಾವಿ ಸೀಮೆಯಲ್ಲಿ ಅಪರೂಪದ ದೃಶ್ಯ. ಈ ಒಂದು ಜಗಳವನ್ನು ಬಗೆಹರಿಸಲು ಯಾವ ಸಮಿತಿಯನ್ನೂ ಯಾರೂ ಕೇಳಿಲ್ಲ.

ಭಾಷೆಯ ಮಾತು ಬಂದಾಗ ಒಂದು ವಿಚಿತ್ರ ಗಮನಿಸಬೇಕು. ಧಾರಾವಾಹಿ ತಯಾರಾದದ್ದು ಹಿಂದಿಯಲ್ಲಿ, ಕೆಲವು ಕಂತು ಇಂಗ್ಲಿಷಿನಲ್ಲೂ. ಆದರೆ ಸ್ವಾಮಿಯ ಅಪ್ಪನಾಗಿ ಗಿರೀಶ ಕಾರ್ನಾಡರು ಕನ್ನಡಕದ ಮೇಲಿಂದ ನೋಡಿ ಗದರಿದ್ದು ಕನ್ನಡದಲ್ಲೇ ಎಂದು ನೆನಪಿಟ್ಟುಕೊಂಡವರು ಅನೇಕರು. ಅಮ್ಮನಾಗಿ ವೈಶಾಲಿ ಕಾಸರವಳ್ಳಿ ಸಂತೈಸಿದ್ದೂ ಹಾಗೆಯೇ. ಪ್ರತಿಯೊಬ್ಬರೂ ತಮ್ಮ ಅಪ್ಪ ಗದರಿದ ಭಾಷೆಯಲ್ಲೇ ಆ ದೃಶ್ಯವನ್ನು ಕೇಳಿಸಿಕೊಂಡಿದ್ದಾರೆ. ನಾರಾಯಣರ ‘ಎ ಹಾರ್ಸ್ ಅಂಡ್ ಟೂ ಗೋಟ್ಸ್’ ಕತೆಯಲ್ಲಿ ಅಮೆರಿಕದವನು ಇಂಗ್ಲಿಷಿನಲ್ಲಿ ಮಣ್ಣಿನ ಕುದುರೆಗೆ ಬೆಲೆ ಕಟ್ಟುತ್ತಾನೆ. ತಮಿಳು ಬಿಟ್ಟು ಬೇರೆ ಬಾರದ ಮುನಿ ತನ್ನ ಎರಡು ಆಡು ಮಾರಾಟವಾದವೆಂದು ಹಣ ಎಣಿಸಿಕೊಳ್ಳುತ್ತಾನೆ. ಲೋಂಡಾದ ಸಂತೆ ಕಂಡವರಿಗೆ ಇದು ಹಾಸ್ಯ ಎನಿಸುವುದಿಲ್ಲ, ವ್ಯಾಪಾರ ಎನಿಸುತ್ತದೆ.

ಇಡೀ ಧಾರಾವಾಹಿಯಲ್ಲಿ ತಕರಾರಿಲ್ಲದೆ ಎಲ್ಲರಿಗೂ ಸೇರಿದ ಭಾಗ ಅದರ ರಾಗ. ಪದವಿಲ್ಲದ್ದರಿಂದ ಅದಕ್ಕೆ ರಾಜ್ಯವಿಲ್ಲ. ಅದನ್ನು ಕಟ್ಟಿದ ವೈದ್ಯನಾಥನ್ ಅವರೇ 1987ರ ‘ಪುಷ್ಪಕ ವಿಮಾನ’ಕ್ಕೂ ಸಂಗೀತ ಕೊಟ್ಟರು, ಅದು ಮಾತೇ ಇಲ್ಲದ ಚಿತ್ರ. ಮಾತಿಲ್ಲದೆ ಕೆಲಸ ಸಾಗಿಸಬಲ್ಲ ಇಂಥವರೊಬ್ಬರು ಗಡಿಭಾಗಕ್ಕೆ ಬೇಕಿತ್ತು ಎಂಬ ಅಭಿಪ್ರಾಯ ಚಹಾದ ಎರಡನೆಯ ಸುತ್ತಿಗೆ ಕೇಳಿಬರುತ್ತದೆ. ಮೂರನೆಯ ಸುತ್ತಿಗೆ ಯಾರಾದರೂ ಹಾಡತೊಡಗುತ್ತಾರೆ. ಮೊದಲ ಸಾಲು ಎಲ್ಲರಿಗೂ ಬರುತ್ತದೆ, ಎರಡನೆಯದು ಯಾರಿಗೂ ಬರುವುದಿಲ್ಲ.

ನಾಲ್ಕನೆಯದು ನೋಡಿದ ನೆನಪಿನ ವರ್ಗ. ಊರಿಗೆ ಕೆಲವೇ ಟೀವಿಗಳಿದ್ದ ಕಾಲ ಅದು. ಟೀವಿಯುಳ್ಳ ಮನೆಯವರು ಆ ಅರ್ಧ ಗಂಟೆ ತಮ್ಮದೇ ಮನೆಯಲ್ಲಿ ಹಿಂದಿನ ಸಾಲಿನಲ್ಲಿರುತ್ತಿದ್ದರು. ಮಾಳಿಗೆಯ ಮೇಲೊಬ್ಬ ಆಂಟೆನಾ ತಿರುಗಿಸುವವನು, ಕಿಟಕಿಯಲ್ಲೊಬ್ಬ “ಬಂತು, ಬಂತು, ಹೋತು” ಎಂದು ಕೂಗುವವನು. ಘಟ್ಟದ ಊರುಗಳಲ್ಲಿ ತೆರೆಯ ಮೇಲೆ ಸುರಿಯುತ್ತಿದ್ದದ್ದು ಆಗುಂಬೆಯ ಮಳೆಯೋ ಆಂಟೆನಾದ ದೋಷವೋ ಎಂಬುದು ಅಂದೂ ತೀರ್ಮಾನವಾಗಲಿಲ್ಲ. ಈಗ ಅದೇ ಕಂತುಗಳನ್ನು ಮೊಬೈಲಿನಲ್ಲಿ ಸ್ಪಷ್ಟವಾಗಿ ನೋಡಿದವರು, ಮಳೆ ತಾವು ನೆನೆದಷ್ಟು ಇರಲಿಲ್ಲವೆಂದು ತುಸು ನಿರಾಶರಾಗುತ್ತಾರೆ.

ಈ ವರ್ಗದವರು ಕಂತುಗಳನ್ನು ಹೆಸರಿನಿಂದ ಗುರುತಿಸುವುದಿಲ್ಲ, ತಮಗಾದ ಗಾಯದಿಂದ ಗುರುತಿಸುತ್ತಾರೆ. ಗುಮಾಸ್ತರ ಮನೆಯವರಿಗೆ ವಿಷ್ಣುವರ್ಧನ್ ವೆಂಕಟರಾವ್ ಆದ ಕಂತು: ಮಗಳನ್ನು ಸಿನಿಮಾಕ್ಕೆ ಕರೆದೊಯ್ಯಲು ಆಫೀಸಿನಿಂದ ಹೊತ್ತಿಗೆ ಬಿಡುಗಡೆ ಸಿಗದ, ತಿಂಗಳಿಗೆ 40 ರೂಪಾಯಿಯ ನೌಕರ. ಕತೆಯಲ್ಲಿ ಅವನು ರಾಜೀನಾಮೆ ಬರೆಯುತ್ತಾನೆ, ಐದು ರೂಪಾಯಿ ಬಡ್ತಿ ಸಿಕ್ಕಿತೆಂದು ಹರಿದುಹಾಕುತ್ತಾನೆ. ಹತ್ತು ಜನ ಖಳರನ್ನು ಒಂದೇ ಏಟಿಗೆ ಉರುಳಿಸುವ ಸಾಹಸಸಿಂಹ ಒಬ್ಬ ಮ್ಯಾನೇಜರನಿಗೆ ಸೋತದ್ದನ್ನು ಅವರ ಅಭಿಮಾನಿಗಳು ಕ್ಷಮಿಸಿದ್ದಾರೆ, ಕಾರಣ ಅವರೂ ಮ್ಯಾನೇಜರರನ್ನು ಕಂಡವರು.

ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರ ಗಾಯ ಬೇರೆ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕೊನೆಯಲ್ಲಿ ಅಪ್ಪನಿಗೆ ವರ್ಗವಾಗಿ ರಾಜಂ ಊರು ಬಿಡುತ್ತಾನೆ. ಮಾತು ಬಿಟ್ಟಿದ್ದ ಗೆಳೆಯನಿಗೆ ಸ್ವಾಮಿ ಸ್ಟೇಷನ್ನಿನಲ್ಲಿ ಆ್ಯಂಡರ್ಸನ್ನನ ಕತೆಗಳ ಪುಸ್ತಕ ಕೊಡುತ್ತಾನೆ. ಹೊರಟ ಗಾಡಿಯಿಂದ ರಾಜಂ ಏನೋ ಅಂದನೋ ಇಲ್ಲವೋ, ಅಂದಿದ್ದರೆ ಸಿಟ್ಟು ಇಳಿದಿತ್ತೋ ಇಲ್ಲವೋ, ನಾರಾಯಣರು ಬಿಡಿಸಿ ಹೇಳಿಲ್ಲ. ವರ್ಗಾವಣೆಯ ಆದೇಶ ಬಂದ ವಾರದಲ್ಲೇ ಗೆಳೆಯರು ಗಾಡಿ ಹತ್ತುವುದನ್ನು ಕಂಡ ಮಕ್ಕಳಿಗೆ ಇದು ಕತೆಯ ಪ್ರಶ್ನೆಯಾಗಿ ಉಳಿಯಲಿಲ್ಲ. ರಾಜಂ ಕ್ಷಮಿಸಿದ ಎನ್ನುವ ಪಕ್ಷ ಮತ್ತು ಕ್ಷಮಿಸಲಿಲ್ಲ ಎನ್ನುವ ಪಕ್ಷ ಎರಡೂ ಇವೆ. ಎರಡಕ್ಕೂ ಸದಸ್ಯರು ಸೇರುವುದು ಕಾದಂಬರಿ ಓದಿ ಅಲ್ಲ, ತಮ್ಮ ಗೆಳೆಯ ಮುಂದೆ ಕಾಗದ ಬರೆದನೇ ಎಂಬುದರ ಮೇಲೆ. ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ದೊಡ್ಡವರಾಗಿದ್ದಾರೆ ಎಂಬ ಸುದ್ದಿಯನ್ನು ಎರಡೂ ಪಕ್ಷಗಳು ಕೇಳಿವೆ; ಒಪ್ಪಿಕೊಂಡಿಲ್ಲ.

ಇನ್ನು ಅಭಿಮಾನಿಗಳ ಮಾತಿನ ಖಚಿತತೆಯ ವಿಚಾರ. ಇದರ ಮೂಲಸೂತ್ರ ನಾರಾಯಣರ ‘ದಿ ಗೈಡ್’ ಕಾದಂಬರಿಯಲ್ಲೇ ಇದೆ. 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಅದು. ಅದರ ನಾಯಕ ರಾಜು ಮಾಲ್ಗುಡಿ ಸ್ಟೇಷನ್ನಿನಲ್ಲಿ ಅಂಗಡಿ ಇಟ್ಟವನು. ಪ್ರಯಾಣಿಕರು ಏನು ಕೇಳಿದರೂ ಗೊತ್ತಿಲ್ಲ ಎನ್ನುವುದು ಅವನ ಜಾಯಮಾನದಲ್ಲಿ ಇಲ್ಲ. ಹಾಗೆ ಉತ್ತರಿಸುತ್ತಲೇ ಅವನು ಪ್ರವಾಸಿಗರ ಗೈಡ್ ಆಗುತ್ತಾನೆ, ಕೊನೆಗೆ ಸ್ವಾಮೀಜಿಯೂ ಆಗುತ್ತಾನೆ. ಲೋಂಡಾದ ಮೂಲಕ ದೂಧ್‌ಸಾಗರ ಜಲಪಾತಕ್ಕೆ ಹೊರಟವರು ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕವರನ್ನು ದಾರಿ ಕೇಳುವ ಮಾರ್ಗದಲ್ಲಿ ಇಂಥ ರಾಜುಗಳಿಗೆ ಕೊರತೆಯಿಲ್ಲ. ಧಾರಾವಾಹಿಯ ಅಭಿಮಾನಿಯೂ ಇದೇ ಗೋತ್ರದವನು. ಒಂದು ಪಾತ್ರ ಮಾಡಿದವರು ಯಾರೆಂದು ಕೇಳಿದರೆ ಅವನು ಮೊದಲು “ಅನಂತ್‌ನಾಗ್” ಎನ್ನುತ್ತಾನೆ. ಅನಂತ್‌ನಾಗ್ ಈ ಧಾರಾವಾಹಿಯಲ್ಲಿ ಮಿಠಾಯಿ ಅಂಗಡಿಯ ಜಗನ್ ಆಗಿ ನಟಿಸಿರುವುದರಿಂದ ಉತ್ತರ ಆಗಾಗ ಸರಿಯೂ ಆಗುತ್ತದೆ. 2020ರಲ್ಲಿ ವಿಜಯ ರಾಘವೇಂದ್ರ ನಟಿಸಿದ ‘ಮಾಲ್ಗುಡಿ ಡೇಸ್’ ಎಂಬ ಕನ್ನಡ ಚಿತ್ರವೂ ಬಂದ ಮೇಲೆ, ತಪ್ಪು ಉತ್ತರಗಳಿಗೂ ಹೊಸ ಆಧಾರ ಸಿಕ್ಕಿದೆ.

ಕೊನೆಯದಾಗಿ, ತಾನೇ ಮಾಲ್ಗುಡಿ ಎಂಬ ಲೋಂಡಾದ ಹಕ್ಕುಸಾಧನೆ. ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನದಂದು ನಾರಾಯಣರು ಬರೆಯಲು ಕೂತಾಗ ಮೊದಲು ಕಣ್ಣಿಗೆ ಕಟ್ಟಿದ್ದು ಒಂದು ಸಣ್ಣ ರೈಲು ನಿಲ್ದಾಣ. ಊರು ಆಮೇಲೆ ಬೆಳೆಯಿತು. ನಿಲ್ದಾಣ ಮೊದಲು, ಊರು ಆಮೇಲೆ ಎಂಬ ಈ ಕ್ರಮ ಲೋಂಡಾಕ್ಕೂ ಚೆನ್ನಾಗಿ ಹೊಂದುತ್ತದೆ. ಕಾಡು ಇದೆ, ಮಳೆ ಇದೆ, ಹಳೆಯ ಮೀಟರ್‌ಗೇಜಿನ ನೆನಪಿದೆ. ವಿರುದ್ಧ ಸಾಕ್ಷ್ಯವೂ ಇದೆ: ಮಾಲ್ಗುಡಿಯ ಜನ ದೊಡ್ಡ ಕೆಲಸವೆಂದರೆ ಮದ್ರಾಸಿನ ಗಾಡಿ ಹತ್ತುತ್ತಾರೆ, ಲೋಂಡಾದವರ ಮುಖ ಪುಣೆ, ಗೋವೆ, ಹುಬ್ಬಳ್ಳಿಯ ಕಡೆಗೆ. ಮಾಲ್ಗುಡಿಯ ಸರಯೂ ನದಿಯೂ ಇಲ್ಲಿಲ್ಲ, ಮೆಂಪಿ ಬೆಟ್ಟವೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಅಡ್ಡಿ, ಮಾಲ್ಗುಡಿ ಇಳಿಯುವ ಊರು; ಲೋಂಡಾ ಗಾಡಿ ಬದಲಿಸುವ ಊರು. ಇದಕ್ಕೆ ಲೋಂಡಾ ಪಕ್ಷದ ಉತ್ತರ ಸಿದ್ಧವಿದೆ: ಇಳಿದವನು ಮನೆಗೆ ಹೋಗುತ್ತಾನೆ, ಗಾಡಿ ಬದಲಿಸುವವನು ಮಾತಿಗೆ ಕೂರುತ್ತಾನೆ, ಮಾಲ್ಗುಡಿ ಇಷ್ಟು ವರ್ಷ ಬಾಳಿದ್ದು ಮಾತಿಗೆ ಕೂತವರಿಂದ. ಅರಸಾಳಿನ ಪಕ್ಷ ಈ ವಾದವನ್ನು ಇನ್ನೂ ಒಪ್ಪಿಲ್ಲ. ನಾರಾಯಣರು ಊರಿಗೆ ವಿಳಾಸ ಕೊಡದೆ ಹೋದದ್ದರಿಂದ ಎರಡೂ ಪಕ್ಷಗಳ ಅರ್ಜಿಗಳು ಊರ್ಜಿತದಲ್ಲಿವೆ.