ಗುಡ್ ಕಂಡಿಷನ್, ಕಾಲ್ ಮಾಡಿ

ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವವರೆಲ್ಲ ಈಗ ಛಾಯಾಗ್ರಾಹಕರು. ಓಎಲ್‌ಎಕ್ಸ್‌ನಲ್ಲಿ ಮಾರಾಟಕ್ಕಿಟ್ಟ ಫ್ರಿಜ್ಜಿಗೆ ಮೂರೇ ಬದಿ. ನಾಲ್ಕನೆಯದು ಗೋಡೆಗೆ ಅಂಟಿಕೊಂಡಿದೆ. ಮೆಟ್ಟಿಲಿಗೆ ಬಡಿದು ಆದ ನೆಗ್ಗು ಇರುವುದೂ ಅಲ್ಲೇ. ಫೋಟೊ ಸುಳ್ಳು ಹೇಳಿಲ್ಲ, ನೀವು ಗೋಡೆಯನ್ನು ಕೇಳಬೇಕಿತ್ತು.

ಸ್ಕೂಟರ್ ಮಾರುವ ವಿದ್ಯೆ ಇನ್ನೂ ಮೇಲ್ಮಟ್ಟದ್ದು. ಒಂದು ಚೊಂಬು ನೀರು ಹೊಯ್ದು, ಆರುವ ಮೊದಲೇ ಕ್ಲಿಕ್ಕಿಸಬೇಕು. ಸಣ್ಣ ಗೀರುಗಳಲ್ಲಿ ನೀರು ತುಂಬಿಕೊಂಡು, ಬೆಳಕು ಚದುರದೆ, ಶೋರೂಮಿನ ಹೊಳಪು ಬರುತ್ತದೆ. ಹತ್ತು ನಿಮಿಷದ ಯೌವನ. ಸೋಫಾಕ್ಕೆ ರಾತ್ರಿಯ ಹಳದಿ ಬಲ್ಬು ಸಾಕು, ಚೆಲ್ಲಿದ ಸಾರು ಬಟ್ಟೆಯ ಬಣ್ಣದಲ್ಲೇ ಸೇರಿಹೋಗುತ್ತದೆ. ಹಾಸಿಗೆಗಂತೂ ಹೊಸ ಬೆಡ್‌ಶೀಟ್ ಹೊದಿಸಿ, ಬೆಡ್‌ಶೀಟಿನ ಫೋಟೊ ಹಾಕಿ, ಹಾಸಿಗೆಯ ದುಡ್ಡು ಕೇಳುತ್ತಾರೆ. ಬಾಡಿಗೆ ಮನೆಯಾದರೆ ಹತ್ತಡಿ ರೂಮಿನ ಮೂಲೆಗೆ ಬೆನ್ನು ಒತ್ತಿ ನಿಂತು ಕ್ಯಾಮೆರಾವನ್ನು 0.5ಕ್ಕೆ ಇಳಿಸಿದರೆ ಕಲ್ಯಾಣಮಂಟಪ ಸಿದ್ಧ. ಗೋಡೆ ಹಿಂದೆ ಸರಿದಷ್ಟೂ ಬಾಡಿಗೆ ಮೇಲೇರುತ್ತದೆ.

ಕಾನೂನು ಇಲ್ಲವೆ? ಇದೆ. ಮಾರುವವನ ಜಾಹೀರಾತು ಸರಕಿನ ನಿಜಗುಣಕ್ಕೆ ಹೊಂದಬೇಕು ಎನ್ನುತ್ತವೆ 2020ರ ಇ-ಕಾಮರ್ಸ್ ನಿಯಮಗಳು. ಆದರೆ ವ್ಯಾಪಾರ ಕಸುಬಲ್ಲದೆ, ಮನೆಯ ಹಳೇ ಸಾಮಾನು ಮಾರುವ ಗೃಹಸ್ಥನನ್ನು ಅವೇ ನಿಯಮಗಳು ಹೊರಗಿಟ್ಟಿವೆ. ಸಂಸಾರಸ್ಥರೆಲ್ಲ ಸತ್ಯವಂತರೆಂದು ದಿಲ್ಲಿಯವರ ನಂಬಿಕೆ ಇರಬೇಕು. ಇನ್ನು 1930ರ ಸರಕು ಮಾರಾಟ ಕಾಯ್ದೆ: ವಿವರಣೆ ಕೊಟ್ಟು ಮಾರಿದರೆ ಮಾಲು ವಿವರಣೆಯಂತೆಯೇ ಇರಬೇಕು. ನಮ್ಮವರು ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ವಿವರಣೆಯನ್ನೇ ಬರೆಯುವುದಿಲ್ಲ. 'ಗುಡ್ ಕಂಡಿಷನ್, ಕಾಲ್ ಮಾಡಿ.'

ಇಷ್ಟರ ನಡುವೆ ಯಾರೋ ಒಬ್ಬ ಪುಣ್ಯಾತ್ಮ ಹಗಲು ಬೆಳಕಿನಲ್ಲಿ ಸ್ಕೂಟರನ್ನು ಒಣಗಿಸಿ ನಿಲ್ಲಿಸುತ್ತಾನೆ. ಗೀರಿನ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಅಳತೆ ತೋರಿಸುತ್ತಾನೆ. ಹರಿದ ಸೀಟಿನ ಕ್ಲೋಸಪ್ಪು ಬೇರೆ. ಅವನಿಗೆ ಬರುವ ಮೊದಲ ಮೆಸೇಜು: "ಇಷ್ಟೆಲ್ಲ ತೋರಿಸ್ತಿದೀರಲ್ಲ ಸಾರ್, ತೋರಿಸದೇ ಇರೋದು ಇನ್ನೆಷ್ಟಿದೆ?" ಎರಡನೆಯದು: "ಲಾಸ್ಟ್ ಎಷ್ಟು ಸಾರ್?" ನಾಣ್ಯದ ಪಕ್ಕದ ಗೀರನ್ನೇ ಹಿಡಿದು ಅರ್ಧ ಬೆಲೆಗೆ ಕೇಳುವ ಗಿರಾಕಿ, ಒದ್ದೆ ಸ್ಕೂಟರಿಗೆ ಅಡ್ವಾನ್ಸ್ ಕೂಡ ಕಳಿಸಿರುತ್ತಾನೆ. ಮನೆಗೆ ತಂದು ಬಿಸಿಲಿಗೆ ನಿಲ್ಲಿಸಿದ ಮೇಲೆ ಲೋಕದಲ್ಲಿ ನೀತಿ ಸತ್ತಿದೆ ಎಂದು ಕಂಡವರಿಗೆಲ್ಲ ಹೇಳುತ್ತಾನೆ. ಒಂದು ವಾರದ ನಂತರ, ತಾನೂ ಒಂದು ಚೊಂಬು ನೀರು ತುಂಬಿಕೊಂಡು ಸ್ಕೂಟರಿನ ಹತ್ತಿರ ಬರುತ್ತಾನೆ.