ಪ್ರವೇಶ ಉಚಿತ, ನಿರ್ಗಮನ ದುಬಾರಿ

(ಕೊಡಿಗೇನಹಳ್ಳಿಯ ಒಂದು ಟೀ ಅಂಗಡಿ. ಎದುರಿಗೆ ಶಾಮಿಯಾನ ಏಳುತ್ತಿದೆ.)

ಸಂಘಟಕ: ಸಂಜೆ ಕಥೆ, ಕವಿತೆ ವಾಚನ. ಬಂದುಬಿಡಿ, ಉಚಿತ.

ರೈತ: ಉಚಿತ ಅಂದ್ರೇ ಭಯ ಸ್ವಾಮಿ. ಕವಿಗಳು ಎಷ್ಟು ಮಂದಿ?

ಸಂಘಟಕ: 40.

ರೈತ: ಕೇಳೋರು?

ಸಂಘಟಕ: ಅವರೇ 40. ಆದ್ರೆ ಸರ್ಟಿಫಿಕೇಟು ಕೈಗೆ ಬಿದ್ದ ತಕ್ಷಣ ಮಧುಗಿರಿ ಬಸ್ ಹತ್ತಿಬಿಡ್ತಾರೆ. ಅದಕ್ಕೇ ನೀವು ಬೇಕು.

ರೈತ: ಎಷ್ಟೊತ್ತಿಗೆ ಶುರು?

ಸಂಘಟಕ: ಕಾರ್ಡಿನಲ್ಲಿ ಐದೂವರೆ. ಉದ್ಘಾಟಕರು ಬಂದಾಗ ದೀಪ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, 18 ಶಾಲು, 18 ಹಾರ. ಉಳಿದ ಹೊತ್ತಲ್ಲಿ ಸಾಹಿತ್ಯ. ಒಬ್ಬೊಬ್ಬರಿಗೆ ಎರಡು ನಿಮಿಷ.

ರೈತ: ಎರಡು ನಿಮಿಷಕ್ಕೆ ಕವಿತೆ ಮುಗೀತದಾ?

ಸಂಘಟಕ: 'ಈ ಕವಿತೆ ಹುಟ್ಟಿದ ಸಂದರ್ಭ' ಮುಗಿಯುತ್ತೆ.

ರೈತ: ನಮ್ಮ ಜಯಮಂಗಲಿ ನದಿ ಮೇಲೆ ಏನಾದ್ರೂ ಐತಾ?

ಸಂಘಟಕ: ಒಂಬತ್ತು ಬಂದಿವೆ. ಒಂಬತ್ತರಲ್ಲೂ ತುಂಬಿ ಹರೀತಾಳೆ.

ರೈತ: ಅಲ್ಲಾದ್ರೂ ಹರೀಲಿ ಬಿಡಿ. ನನ್ನ ಬೋರ್‌ವೆಲ್ಲು ಕವಿತೆ ಓದಲ್ಲ.

ಸಂಘಟಕ: ವ್ಯಂಗ್ಯ ಬೇಡ! 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದವರಲ್ಲಿ ಒಬ್ಬರಾದ ಬರಗೂರು ರಾಮಚಂದ್ರಪ್ಪ ನಮ್ಮ ಪಕ್ಕದ ಸಿರಾ ತಾಲ್ಲೂಕಿನವರು.

ರೈತ: ಅವರನ್ನ ಓದಿದೀರಾ?

ಸಂಘಟಕ: ಫ್ಲೆಕ್ಸಿನಲ್ಲಿ ದೊಡ್ಡ ಫೋಟೊ ಹಾಕ್ಸಿದೀವಿ. ಕೆಳಗೆ ನಂದೂ ಒಂದಿದೆ, ಸ್ವಲ್ಪ ದೊಡ್ಡದು.

ರೈತ: ಕಥೆಗಾರರು?

ಸಂಘಟಕ: ಒಬ್ಬರೇ ಒಬ್ಬರು. ರಾತ್ರಿ ಹತ್ತಕ್ಕೆ, ವಂದನಾರ್ಪಣೆ ಆದ ಮೇಲೆ.

(ಆ ಹೊತ್ತಿಗೆ ಮೈಕಿನವನು ವೈರು ಸುತ್ತುತ್ತಿರುತ್ತಾನೆ. ಓದುಗರೇ, ಇಂಥ ಸಂಜೆಗೆ ಹೋದರೆ ದಯವಿಟ್ಟು ಆ ಕಥೆಗಾರನ ತನಕ ಕೂತಿರಿ. ಊಟದ ವ್ಯವಸ್ಥೆ ಇಲ್ಲ, ಮನೆಯಲ್ಲೇ ಮುದ್ದೆ ಮುಗಿಸಿ ಹೊರಡಿ.)