ನಂದಿಬೆಟ್ಟ ಸೂರ್ಯೋದಯ ಮೀಮಾಂಸೆ

ಶಾಸ್ತ್ರಗ್ರಂಥ ಎಂದಮೇಲೆ ಅದಕ್ಕೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳಿರಬೇಕು ಎಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಶುಕ್ರವಾರ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿನಲ್ಲಿ ‘ನಾಳೆ ನಂದಿ ಹಿಲ್ಸ್?’ ಎಂದು ಕೇಳಿ, ಬೆಳಗಿನ ಜಾವ ಮೂರೂವರೆಗೆ ತಾನೂ ಎದ್ದು ಉಳಿದವರ ನಿದ್ದೆಯನ್ನೂ ಕೆಡಿಸಬಲ್ಲ ಬೆಂಗಳೂರಿಗ. ವಿಷಯ, ಸೂರ್ಯ. ಪ್ರಯೋಜನ, ಸ್ಟೇಟಸ್. ಸಂಬಂಧ ಮಾತ್ರ ತುಸು ತೊಡಕಿನದು. ಹೊರಡುವಾಗ ಗಟ್ಟಿಯಾಗಿದ್ದ ಸ್ನೇಹಸಂಬಂಧವು ಗೇಟಿನ ಮುಂದಿನ ವಾಹನಗಳ ಸಾಲಿನಲ್ಲಿ ‘ನಾನು ಆಗಲೇ ಬಡ್ಕೊಂಡೆ, ಬೇಗ ಹೊರಡೋಣ ಅಂತ’ ಎಂಬ ಮಹಾವಾಕ್ಯದಿಂದ ಸಡಿಲವಾಗುತ್ತದೆ.

ಇಲ್ಲಿ ಪೂರ್ವಪಕ್ಷ ಹೀಗಿದೆ: ‘ಅದೇ ಸೂರ್ಯ ಮನೆಯ ತಾರಸಿಯಿಂದ ಕಾಣೋದಿಲ್ವೇನೋ? ಅದಕ್ಕೆ 60 ಕಿಲೋಮೀಟರ್ ಯಾಕೆ ಹೋಗ್ತೀಯ?’ ಇದು ತಾಯಂದಿರ ಮತ, ತರ್ಕದಲ್ಲಿ ದೋಷವಿಲ್ಲ. ಸಿದ್ಧಾಂತಿಯ ಉತ್ತರ: ತಾರಸಿಯ ಸೂರ್ಯನ ಮುಂದೆ ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕ್ ಬರುತ್ತದೆ.

ರಾತ್ರಿಯೇ ಬೆಟ್ಟ ಹತ್ತುವ ಈ ಆಚಾರದ ಮೂಲ ಎಲ್ಲಿ? ಪ್ರಬಂಧಕಾರನ ನಮ್ರ ಅಭಿಪ್ರಾಯದಲ್ಲಿ ಕಾರ್ನ್‌ವಾಲಿಸನ ಸೈನ್ಯದಲ್ಲಿ. ಟಿಪ್ಪುವಿನ ಈ ನಂದಿದುರ್ಗವನ್ನು ವಾರಗಟ್ಟಲೆ ಮುತ್ತಿ ಕೂತಿದ್ದ ಆ ಸೈನ್ಯ 1791ರ ಅಕ್ಟೋಬರ್‌ನಲ್ಲಿ, ಒಂದು ರಾತ್ರಿ, ಬೆಳದಿಂಗಳಲ್ಲಿ ಕೋಟೆ ಹತ್ತಿತು. ಅವರಿಗೆ ಪಾರ್ಕಿಂಗ್ ಚಿಂತೆ ಇರಲಿಲ್ಲ ಎಂಬುದನ್ನು ಇತಿಹಾಸಕಾರರು ಮರೆಯುತ್ತಾರೆ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಇಲ್ಲಿ ಬಂದು ತಂಗಿದ್ದರು. ಈಗಿನ ಯಾತ್ರಿಕರು ಇಲ್ಲಿಗೆ ಬಂದುಹೋದ ಆಯಾಸ ಸುಧಾರಿಸಿಕೊಳ್ಳಲು ಭಾನುವಾರವಿಡೀ ಮಲಗುತ್ತಾರೆ.

ಇನ್ನು ಪ್ರಮಾಣವಿಚಾರ. ಈ ಶಾಸ್ತ್ರದ ತಿರುಳೇ ಇದು. ಸೂರ್ಯ ಹುಟ್ಟಿದನೆಂದು ತಿಳಿಯುವುದು ಹೇಗೆ? ಪ್ರತ್ಯಕ್ಷದಿಂದ ಎಂದರೆ ಆಗದು, ಏಕೆಂದರೆ ಮಂಜು. ಬೆಟ್ಟ ಸಮುದ್ರಮಟ್ಟದಿಂದ 1478 ಮೀಟರ್, ಬೆಂಗಳೂರು ಸುಮಾರು 920. ತೇವದ ಗಾಳಿ ಇಳಿಜಾರಿನಲ್ಲಿ ಮೇಲೇರುತ್ತ ತಣಿದು ಮೋಡವಾಗುತ್ತದೆ. ನೋಡುಗ ಆ ಮೋಡದ ಹೊಟ್ಟೆಯೊಳಗೇ ನಿಂತಿರುತ್ತಾನೆ. ಜನ ಹೆಚ್ಚು ಬರುವ ಚಳಿಗಾಲವೇ ಮಂಜಿಗೂ ಪ್ರಶಸ್ತ ಕಾಲ. ಹೀಗಾಗಿ ಪ್ರಬಂಧಕಾರ ಬೆಟ್ಟ ಹತ್ತಿದ ದಿನ ಕೈಚಾಚಿದರೆ ಬೆರಳು ಕಂಡಿತು, ಉಂಗುರ ಕಾಣಲಿಲ್ಲ.

‘ರೀ, ಯಾವ ಕಡೆ ಹುಟ್ತಾನ್ರೀ?’ ಎಂದು ಶಾಲು ಹೊದ್ದ ಗೃಹಿಣಿ ಪಕ್ಕದಲ್ಲಿ ಕೇಳಿದರು. ‘ಇರೆ, ಗೂಗಲ್‌ನಲ್ಲಿ ನೋಡ್ತೀನಿ’ ಎಂದರು ಪತಿರಾಯರು. ಇದು ಶಬ್ದಪ್ರಮಾಣ. ಗೂಗಲ್ ಒಂದು ಸಮಯ ಹೇಳಿತು, ಆ ಸಮಯ ಬಂತು, ಹೋಯಿತು. ಆಗ ಅನುಮಾನಪ್ರಮಾಣ ಕೆಲಸಕ್ಕಿಳಿಯಿತು: ಬೂದು ಬಣ್ಣ ಬಿಳಿಯಾಯಿತು, ಆದ್ದರಿಂದ ಸೂರ್ಯ ಎಲ್ಲೋ ಇದ್ದಾನೆ. ಅಷ್ಟರಲ್ಲಿ ಯಾರೋ ‘ಬಂದ, ಬಂದ!’ ಎಂದು ಕೂಗಿದರು. ಎಲ್ಲ ಫೋನುಗಳೂ ಏಕಕಾಲಕ್ಕೆ ಮೇಲೆದ್ದವು. ಬಂದವನು ಟಾರ್ಚು ಹಿಡಿದ ಕಾವಲುಗಾರ. ಅವನಿಗೂ ನಾಲ್ಕಾರು ಫೋಟೊ ಸಂದವು.

ಉಪಮಾನಪ್ರಮಾಣವೂ ಉಂಟು: ಕಳೆದ ವರ್ಷ ಗೆಳೆಯ ಹಾಕಿದ ಚಿತ್ರವನ್ನೇ ನೋಡಿ, ‘ಹೀಗೇ ಇರುತ್ತೆ’ ಎಂದು ತೃಪ್ತರಾಗುವುದು. ಕೆಲವು ನವ್ಯರು ಆ ಚಿತ್ರವನ್ನೇ ತಮ್ಮ ಸ್ಟೇಟಸ್‌ಗೂ ಹಾಕುತ್ತಾರೆ. ಮೀಮಾಂಸಕರು ಇದನ್ನು ಒಪ್ಪುವುದಿಲ್ಲ.

ಚಳಿಯ ಪ್ರಕರಣವನ್ನು ವಿಸ್ತರಿಸುವುದಿಲ್ಲ. ಅರ್ಧ ತೋಳಿನ ಟೀ ಶರ್ಟಿನಲ್ಲಿ ಬಂದವರು ಅದಕ್ಕೆ ಭಾಷ್ಯ ಬರೆಯಲಿ. ವಾನರ ಪ್ರಕರಣ ಮಾತ್ರ ಬಿಡುವಂತಿಲ್ಲ. ಬೆಟ್ಟದ ಮೇಲೆ ಅಭ್ಯಾಸಬಲದಿಂದ ನಿಜವಾದ ಪಾಂಡಿತ್ಯ ಸಂಪಾದಿಸಿದವು ಕೋತಿಗಳು. ಒಂದು ಕೋತಿ ಬೆಂಚಿನ ಮೇಲಿದ್ದ ಬ್ಯಾಗಿನ ಜಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಸಾವಕಾಶವಾಗಿ ಎಳೆಯಿತು. ನೀರಿನ ಬಾಟಲಿಯನ್ನು ತೆಗೆದು ಪಕ್ಕಕ್ಕಿಟ್ಟಿತು. ಸನ್‌ಸ್ಕ್ರೀನ್ ಟ್ಯೂಬನ್ನು ಮೂಸಿ ಬಿಸಾಡಿತು. ಚಿಪ್ಸ್ ಪೊಟ್ಟಣ ಸಿಕ್ಕಿದ ಮೇಲೆ ಮರ ಹತ್ತಿ, ಮೂಲೆಯನ್ನು ಹಲ್ಲಿನಿಂದ ಹರಿದು ತಿನ್ನಲು ಕೂತಿತು. ಅಷ್ಟು ಜನರಲ್ಲಿ ಬಂದ ಕೆಲಸ ಮುಗಿಸಿದ್ದು ಅದೊಂದೇ.

ಈಗ ಈ ಶಾಸ್ತ್ರದ ಮುಖ್ಯ ವಿರೋಧಾಭಾಸ. ಬೆಟ್ಟದ ನೆತ್ತಿಯಲ್ಲಿರುವುದು ಯೋಗನಂದೀಶ್ವರ, ವಿರಕ್ತ ಶಿವ. ಉತ್ಸವ, ಸಡಗರ ಅವನಿಗೆ ಸಲ್ಲವು. ಬುಡದ ನಂದಿ ಗ್ರಾಮದಲ್ಲಿರುವುದು ಭೋಗನಂದೀಶ್ವರ. ಲೋಕವೋ ವಿರಕ್ತನ ಬಾಗಿಲಿಗೆ ಬ್ಲೂಟೂತ್ ಸ್ಪೀಕರ್, ಬಜ್ಜಿ, ಮ್ಯಾಗಿಗಳೊಡನೆ ಏರುತ್ತದೆ. ಭೋಗಿಯ ಊರಿನ ತಿರುವನ್ನು ಬಿಟ್ಟು ಮುಂದೆ ಸಾಗುತ್ತದೆ. ಆ ದೇವಾಲಯದ ಶಾಸನಗಳು ಒಂಬತ್ತನೆಯ ಶತಮಾನದಷ್ಟು ಹಳೆಯವು. ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರೂ ಇದನ್ನು ನೋಡಿಕೊಂಡವರೇ. ಇದೇ ಆವರಣದ ಅರುಣಾಚಲೇಶ್ವರ ಬಾಲ್ಯ, ಭೋಗನಂದೀಶ್ವರ ಯೌವನ, ಮೇಲಿನವನು ವೈರಾಗ್ಯ ಎಂಬ ನಂಬಿಕೆಯಂತೆ ಶಿವನ ಒಂದಿಡೀ ಆಯುಸ್ಸು ಇಲ್ಲಿದೆ. ನಡುವೆ ಉಮಾಮಹೇಶ್ವರ ಗುಡಿಯ ಕಲ್ಯಾಣಮಂಟಪ: ಕಪ್ಪುಕಲ್ಲಿನ ನಾಲ್ಕು ಕಂಬ, ಅವುಗಳಲ್ಲಿ ದೇವದಂಪತಿಗಳು, ಬಳ್ಳಿಗಳು, ಹಕ್ಕಿಗಳು. ಒಂದು ಕಂಬದಲ್ಲಿ ಅಗ್ನಿಯೂ ಸ್ವಾಹಾದೇವಿಯೂ ಇದ್ದಾರೆ. ಮದುವೆಗೆ ಹೋಮದ ಬೆಂಕಿಯನ್ನೇ ಸಪತ್ನೀಕನಾಗಿ ಕರೆದ ಶಿಲ್ಪಿಯ ಸಮಯಸ್ಫೂರ್ತಿಗೆ ಪ್ರಬಂಧಕಾರ ತಲೆಬಾಗುತ್ತಾನೆ. ಪಕ್ಕದಲ್ಲಿ ಶೃಂಗಿತೀರ್ಥ, ನಾಲ್ಕೂ ಕಡೆ ಮೆಟ್ಟಿಲಿನ ಕಲ್ಯಾಣಿ. ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲೇ ಎಂದು ಊರಿನವರ ನಂಬಿಕೆ.

ಆದ್ದರಿಂದ ವಾಚಕ ಮಹಾಶಯರಲ್ಲಿ ಒಂದು ವಿನಂತಿ. ಬೆಟ್ಟದಿಂದ ಇಳಿದ ಮೇಲೆ ಸೀದಾ ಹೆದ್ದಾರಿಯ ತಟ್ಟೆ ಇಡ್ಲಿಗೆ ಹೋಗಬೇಡಿ. ನಂದಿ ಗ್ರಾಮಕ್ಕೆ ಗಾಡಿ ತಿರುಗಿಸಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ, ಆ ನಾಲ್ಕು ಕಂಬಗಳ ಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ. ಅವು ಮಂಜಿನಲ್ಲೂ ಕಾಣುತ್ತವೆ, ಅಲಾರಂ ಇಡಬೇಕಾಗಿಲ್ಲ.